ಬಿಸಿಲಿಗೆ ಮೊದಲು ಕಾಣುವ ಹಸಿರು

ಬೆಳಗಿನ ಆರು ಗಂಟೆ ಐದು ನಿಮಿಷ. ಕೋಳಿ ಸಾಕಣೆ ಕೇಂದ್ರದ ಹಿತ್ತಲಿನಲ್ಲಿ, ತಗಡಿನ ಶೆಡ್ಡುಗಳೆಲ್ಲ ಮುಗಿದು ನೀರಿನ ಟ್ಯಾಂಕು ನಿಂತಿರುವ ಕಡೆ, ಸುಣ್ಣ ಬಳಿದ ಒಂದು ಮೋಟುಗೋಡೆ ಇದೆ. ಗೋಡೆಯ ಎದುರಿಗೆ ಒಂದು ಮರದ ಸ್ಟೂಲು. ಅದರ ಮೇಲೆ ಬೂದು ಬಣ್ಣದ ನಿಲುವಂಗಿ ತೊಟ್ಟ ಹೆಂಗಸೊಬ್ಬರು ಕೂತಿದ್ದಾರೆ. ಮಡಿಲಲ್ಲಿ ಒಂದು ಕರಿ ಹೇಟೆ, ಹೆಣ್ಣು ಕೋಳಿ. ಬಣ್ಣ ನೋಡುವ ಕೆಲಸಕ್ಕೆ ಬಂದವರು ಕಣ್ಣು ಮುಚ್ಚಿಕೊಂಡಿದ್ದಾರೆ.

ಎಡಗೈ ಕೋಳಿಯ ಎದೆಯಡಿ ಸೇರಿ ಭಾರ ನೋಡುತ್ತದೆ. ಬಲಗೈಯ ಎರಡು ಬೆರಳು ಎದೆಮೂಳೆಯ ಉದ್ದಕ್ಕೂ ಮೆಲ್ಲಗೆ ಹರಿದು, ಎಲ್ಲಾದರೂ ಸೊಟ್ಟಗಿದೆಯೇ ಎಂದು ವಿಚಾರಿಸಿಕೊಂಡು ಬರುತ್ತವೆ. ಆಮೇಲೆ ಬೆನ್ನಿಗೆ ಕಿವಿಯಿಟ್ಟು ಉಸಿರು ಕೇಳುತ್ತಾರೆ. ಗೊರ ಗೊರ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಕಣ್ಣು ಬಿಡುವುದು.

"ಮೊದಲೇ ಕಣ್ಣು ಬಿಟ್ರೆ ಬಣ್ಣಕ್ಕೆ ಮರುಳಾಗಿಬಿಡ್ತೀವಿ" ಎನ್ನುತ್ತಾರೆ. "ಬಣ್ಣ ಚೆನ್ನಾಗಿತ್ತು ಅಂದ್ರೆ ಮೂಳೆ ಸೊಟ್ಟಗಿದ್ರೂ ಕೈ ಸುಳ್ಳು ಹೇಳುತ್ತೆ. ಅದಕ್ಕೇ ಕೈಯ ಮಾತು ಮೊದಲು ಕೇಳಿಬಿಡ್ಬೇಕು. ಕಣ್ಣಿಂದು ಆಮೇಲೆ."

ಕಣ್ಣು ಬಿಟ್ಟ ಮೇಲೆ ನೋಡುವುದು ಏಳು ಜಾಗ. ಕತ್ತು, ಎದೆ, ಬೆನ್ನು, ರೆಕ್ಕೆಯ ಹೆಗಲು, ರೆಕ್ಕೆಯ ಒಳಮೈ, ತೊಡೆ, ಬಾಲದ ಬುಡ. ಕೊನೆಗೆ ಕೋಳಿಯನ್ನು ಬಾಯಿಯ ಹತ್ತಿರ ತಂದು, ಬಿಸಿ ಹಾಲು ಆರಿಸುವ ಹಾಗೆ, ಬೆನ್ನಿನ ಗರಿಗಳ ನಡುವೆ ಉಫ್ ಎಂದು ಊದುತ್ತಾರೆ. ಗರಿ ಸೀಳಿಕೊಂಡು ಬುಡ ಕಾಣುತ್ತದೆ. ಅಲ್ಲಿ ಬಿಳುಪಿದ್ದರೆ ಬೇಡ. ಬೆನ್ನ ಮೇಲೆ ನೇರಳೆಯ ಪಟ್ಟೆ ಓಡಿದರೆ ಬೇಡ. ಪಾತ್ರೆಯ ತಳದ ಮಸಿಯ ಹಾಗೆ ಸಪ್ಪೆ ಕರಿಯಾಗಿದ್ದರೂ ಬೇಡ. ಬೇಕಾದದ್ದು ಒಂದೇ. ಕರಿಯ ಮೇಲೆ ತೆಳ್ಳಗೆ ಎಣ್ಣೆ ಸವರಿದಂತೆ, ಜೀರ್ಜಿಂಬೆಯ ಬೆನ್ನ ಮೇಲೆ ಇರುತ್ತದಲ್ಲ, ಆ ಹಸಿರು.

"ಬಳೆ" ಎಂದು ಒಂದೇ ಮಾತು ಹೇಳಿ ಹೇಟೆಯನ್ನು ಮುಂದಕ್ಕೆ ಚಾಚುತ್ತಾರೆ. ಪಕ್ಕದಲ್ಲಿ ನಿಂತ ಶೆಡ್ಡಿನ ಕಾವಲುಗಾರರು ಅದರ ಕಾಲಿಗೆ ನಂಬರಿರುವ ಬಳೆ ಹಾಕಿ ಬಲಗಡೆಯ ಬುಟ್ಟಿಗೆ ಬಿಡುತ್ತಾರೆ. ಮುಂದಿನದಕ್ಕೆ ಬರುವ ಮಾತು "ತಕ್ಕಡಿ." ಅದು ಎಡಗಡೆಯ ಬುಟ್ಟಿಗೆ. ಬಳೆ ತೊಟ್ಟದ್ದು ತಳಿ ಬೆಳೆಸಲು ಉಳಿಯುತ್ತದೆ. ತಕ್ಕಡಿ ಎಂದದ್ದು ತೂಕಕ್ಕೆ ಹೋಗುತ್ತದೆ, ಮಾಂಸಕ್ಕೆ. ಒಂದೊಂದು ಕೋಳಿಗೆ ಒಂದೂವರೆ ನಿಮಿಷ. ಅಷ್ಟರಲ್ಲಿ ಅದರ ಹಣೆಬರಹ ಮುಗಿಯಿತು.

"ನಂಗೆ ಎಲ್ಲಾ ಕಾಗೇನೇ ಕಣಮ್ಮ" ಎನ್ನುತ್ತಾರೆ ಕಾವಲುಗಾರರು. ಇಪ್ಪತ್ತು ವರ್ಷದಿಂದ ಬುಟ್ಟಿ ಹಿಡಿದವರು.

"ಕಾಗೆ ನಿನ್ನ ಕೈಯಲ್ಲಿ ಬಳೆ ಹಾಕಿಸ್ಕೊಳ್ಳುತ್ತೇನಣ್ಣ? ಸುಮ್ನೆ ಮುಂದಿಂದು ಕೊಡು. ಇವತ್ತು ಹೊತ್ತಿಲ್ಲ."

ಹೊತ್ತಿಲ್ಲ ಎಂಬುದು ಬರೀ ಮಾತಲ್ಲ. ಇವತ್ತು ಮಂಜು ಕವಿದು ಬೆಳಕು ಬರುವುದೇ ತಡವಾಗಿದೆ. ನಿನ್ನೆ ಇಷ್ಟೊತ್ತಿಗೆ ಹನ್ನೆರಡು ಕೋಳಿ ನೋಡಿ ಆಗಿತ್ತು. ಇವತ್ತು ಇದು ಎರಡನೆಯದು.

ಕೇಂದ್ರದಲ್ಲಿ ಇವರನ್ನು ಎಲ್ಲರೂ ಕರೆಯುವುದು ಬಣ್ಣದಕ್ಕ ಎಂದು. ವಯಸ್ಸು ಐವತ್ತೆಂಟು. ಕೆಲಸದ ಪಟ್ಟಿಯಲ್ಲಿ ಇರುವುದು 'ಶೆಡ್ಡು ಸ್ವಚ್ಛತೆ' ಎಂಬ ಕಾಲಮ್ಮಿನಲ್ಲಿ. ಮುನ್ನೂರೈವತ್ತು ದಿನ ಅವರು ಅದನ್ನೇ ಮಾಡುತ್ತಾರೆ: ನೀರಿನ ತೊಟ್ಟಿ ತಿಕ್ಕುವುದು, ಹಾಸಿದ ಹೊಟ್ಟು ಬದಲಿಸುವುದು, ಮೊಟ್ಟೆಯನ್ನು ಬೆಳಕಿಗೆ ಹಿಡಿದು ಒಳಗೆ ಜೀವವಿದೆಯೇ ಎಂದು ನೋಡುವುದು. ಉಳಿದ ಹದಿನೈದು ದಿನ, ವರ್ಷಕ್ಕೊಮ್ಮೆ, ಮರಿಗಳು ಬಲಿತು ಪೂರ್ತಿ ಗರಿ ಬಂದ ಮೇಲೆ, ಈ ಸ್ಟೂಲಿನ ಮೇಲೆ ಕೂರುತ್ತಾರೆ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಹೇಳುವವರು ಅವರೊಬ್ಬರೇ. ವರದಿಗೆ ರುಜು ಹಾಕುವುದು ಪಶುವೈದ್ಯರು.

ಕೋಳಿಯ ಹೆಸರು ಕಾಡಿಗೆ ಕೋಳಿ. ಮೈ ಕರಿ, ಕಾಲು ಸೀಸದ ಬಣ್ಣ, ಕಣ್ಣು ಕೂಡ ಕಡುಗಂದು. ಹಿಂದೆ ಮನೆಮನೆಯಲ್ಲೂ ಇದ್ದ ಜಾತಿ. ಬಿಳಿ ಕೋಳಿ ವರ್ಷಕ್ಕೆ ಇನ್ನೂರೆಂಬತ್ತು ಮೊಟ್ಟೆ ಇಡುವ ಕಡೆ ಇದು ಇಡುವುದು ತೊಂಬತ್ತು. ಬೆಳೆಯುವುದೂ ನಿಧಾನ. ಒಂದೊಂದೇ ಮನೆಯವರು ಬಿಟ್ಟರು. ತಾನೇ ಕಾವು ಕೂರುತ್ತದೆ, ತಾನೇ ಮರಿ ಮೇಯಿಸುತ್ತದೆ, ರೋಗಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ ಎಂಬ ಗುಣಗಳೆಲ್ಲ ನೆನಪಾಗುವ ಹೊತ್ತಿಗೆ ಉಳಿದದ್ದು ಈ ಕೇಂದ್ರದ ಮೂರು ಶೆಡ್ಡು ಮಾತ್ರ.

ಆ ಮೂರು ಶೆಡ್ಡೂ ಈಗ ತೂಗಾಡುತ್ತಿವೆ. ಆರು ತಿಂಗಳ ಹಿಂದೆ ಮುಖ್ಯ ಕಚೇರಿಯಿಂದ ಒಂದು ಪತ್ರ ಬಂದಿದೆ. ನಾಲ್ಕು ವರ್ಷದಿಂದ ಲಕ್ಷಣವುಳ್ಳ ಹೇಟೆಗಳ ಸಂಖ್ಯೆ ಇಳಿಯುತ್ತಲೇ ಇದೆ. ಈ ವರ್ಷ ಕನಿಷ್ಠ ನಲವತ್ತು ಹೇಟೆ ಆಯ್ಕೆಯಾಗದಿದ್ದರೆ ತಳಿಯನ್ನು ಕೈಬಿಟ್ಟು, ಶೆಡ್ಡುಗಳನ್ನು ಬಿಳಿ ಕೋಳಿಗೆ ಕೊಡಲಾಗುವುದು. ಹೋದ ವರ್ಷ ಆಯ್ಕೆಯಾದದ್ದು ಇಪ್ಪತ್ತಾರು.

ಈ ವರ್ಷ ನೋಡಬೇಕಾದ ಹೇಟೆಗಳು ನೂರ ಹದಿನೆಂಟು. ಮೂರು ಬೆಳಿಗ್ಗೆಗಳಲ್ಲಿ ತೊಂಬತ್ತು ನೋಡಿ ಆಗಿದೆ. ಬಳೆ ತೊಟ್ಟದ್ದು ಇಪ್ಪತ್ತೊಂಬತ್ತು. ಇವತ್ತು ಕೊನೆಯ ಇಪ್ಪತ್ತೆಂಟು. ಅದರಲ್ಲಿ ಹನ್ನೊಂದು ಗೆಲ್ಲಬೇಕು.

ಇಷ್ಟು ಮುಂಜಾನೆಯೇ ಏಕೆ ಎಂದರೆ ಅದಕ್ಕೆ ಅವರ ಉತ್ತರ ಚುಟುಕು: "ಬಿಸಿಲು ಸುಳ್ಳು ಹೇಳುತ್ತೆ." ಬಿಸಿಲಿಗೆ ಹಿಡಿದರೆ ಯಾವ ಕರಿಯೂ ಹಸಿರಾಗಿ ಹೊಳೆಯುತ್ತದೆ, ಒಲೆಯ ಮಸಿ ಕೂಡ. ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ನೀಲಿ. ನಿಜ ಕಾಣುವುದು ಬೆಳಕು ಹರಿದು, ಸೂರ್ಯ ಮಾತ್ರ ಇನ್ನೂ ಟ್ಯಾಂಕಿನ ಹಿಂದೆಯೇ ಇರುವ ಐವತ್ತು ನಿಮಿಷ. ಎದುರಿನ ಸುಣ್ಣದ ಗೋಡೆಯ ತಲೆಗೆ ಬಿಸಿಲು ಮುಟ್ಟಿತೋ, ಕೆಲಸ ಬಂದ್. ಕೈಯಲ್ಲಿ ಹಿಡಿದ ಕೋಳಿಯನ್ನೂ ನೋಡದೆ ವಾಪಸು ಬಿಡುತ್ತಾರೆ.

ಬೂದು ನಿಲುವಂಗಿಯೂ ಇದೇ ಲೆಕ್ಕಾಚಾರದ್ದು. ಕೆಂಪು ತೊಟ್ಟರೆ ಕೆಂಪು ಗರಿಗೆ ಬಡಿಯುತ್ತದೆ, ಹಸಿರು ತೊಟ್ಟರೆ ಹೇಳುವುದೇ ಬೇಡ. ಆಯ್ಕೆಯ ದಿನಗಳಲ್ಲಿ ಅವರು ಎದ್ದ ಮೇಲೆ ಬೆಂಕಿಯನ್ನೂ ನೋಡುವುದಿಲ್ಲ. ದೀಪ ನೋಡಿದ ಕಣ್ಣಿಗೆ ಅರ್ಧ ಗಂಟೆ ಕರಿ ಕಾಣುವುದಿಲ್ಲವಂತೆ. ಹಾಗಾಗಿ ಚಹಾ ಕಾಸಿ ಕತ್ತಲೆಯಲ್ಲೇ ತಂದುಕೊಡುವ ಕೆಲಸ ಗಂಡನದು. ಸೈಕಲ್ ರಿಪೇರಿ ಮಾಡುವ ಅವರಿಗೆ ಹುಟ್ಟಿನಿಂದ ಹಸಿರು, ಕೆಂಪು, ಕಂದು ಎಲ್ಲ ಒಂದೇ.

"ಮದುವೆ ಆದ ಹೊಸದ್ರಲ್ಲಿ ಕೆಂಪು ಬಕೆಟ್ ತಗೊಂಡು ಬಾ ಅಂದ್ರೆ ಹಸಿರು ತಂದಿದ್ರು" ಎಂದು ಬಣ್ಣದಕ್ಕ ಹೇಳಿದರೆ, ಗಂಡ ಕೈಯಲ್ಲಿದ್ದ ಟ್ಯೂಬು ನೀರಿನಲ್ಲಿ ಅದ್ದುತ್ತಲೇ, "ನೀರು ಸೋರಿತ್ತಾ ಅದು? ಇಲ್ಲ ತಾನೇ? ಇವತ್ತಿಗೂ ಬಚ್ಚಲಲ್ಲಿದೆ" ಎನ್ನುತ್ತಾರೆ.

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳ ದೂರೇ ಬೇರೆ. "ಅಮ್ಮನ್ನ ಅಂಗಡಿ ಹತ್ರ ಸೇರ್ಸಲ್ಲ ನಾನು. ಒಂದು ರವಿಕೆ ಬಟ್ಟೆಗೆ ಇಡೀ ಥಾನು ಬೀದಿಗೆ ಹೊತ್ಕೊಂಡು ಹೋಗಿ ನೆರಳಲ್ಲಿ ಹಿಡೀತಾಳೆ. ನಮ್ಮ ಸಾಹುಕಾರ್ರು ಮುಂದಿನ ಸಲ ನಿಮ್ಮಮ್ಮ ಬಂದ್ರೆ ಷಟರ್ ಎಳೆದುಬಿಡ್ತೀನಿ ಅಂದಿದಾರೆ."

ಬಣ್ಣದಕ್ಕ ಈ ಕೇಂದ್ರಕ್ಕೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ತಾಯಿಯ ಜೊತೆ ಧಾನ್ಯದ ಮಂಡಿಯಲ್ಲಿ ಕೂತು ಕಾಳಿನಿಂದ ಕಲ್ಲು, ಹುಳುಕು ಆರಿಸುತ್ತಿದ್ದರು. ಇಲ್ಲಿ ಸಿಕ್ಕಿದ್ದು ತೊಟ್ಟಿ ತೊಳೆಯುವ ಕೆಲಸ. ಒಂದು ದಿನ ಶೆಡ್ಡಿನ ಮೇಸ್ತ್ರಿಗೆ, "ಎರಡನೇ ಗೂಡಿನ ಹೇಟೆ ಐದನೇ ಗೂಡಿಗೆ ಬಂದಿದೆಯಲ್ಲ, ಯಾರು ಬಿಟ್ರು?" ಎಂದು ಕೇಳಿಬಿಟ್ಟರು. ನೂರಾರು ಕರಿ ಕೋಳಿಗಳ ನಡುವೆ ಒಂದು ಗೂಡು ತಪ್ಪಿದ್ದು ತೊಟ್ಟಿ ತೊಳೆಯುವ ಹುಡುಗಿಗೆ ಹೇಗೆ ತಿಳಿಯಿತು? ಮೇಸ್ತ್ರಿ ಹತ್ತು ಕರಿ ಗರಿ ಕಿತ್ತು ತಂದು ಕಲ್ಲಿನ ಮೇಲೆ ಚೆಲ್ಲಿ, "ಜೋಡ್ಸು" ಎಂದರು. ಆಕೆ ಸಪ್ಪೆಯಿಂದ ಹೊಳಪಿಗೆ ಒಂದರ ಪಕ್ಕ ಒಂದು ಇಟ್ಟರು. ಮೇಸ್ತ್ರಿ ಎರಡು ಗರಿಯನ್ನು ಅದಲುಬದಲು ಮಾಡಿ ಬೆನ್ನು ತಿರುಗಿಸಿದರು. ತಿರುಗಿ ನೋಡುವಷ್ಟರಲ್ಲಿ ಅವು ಮತ್ತೆ ತಮ್ಮ ಜಾಗದಲ್ಲಿದ್ದವು.

"ನಾಳೆ ಬೆಳಿಗ್ಗೆ ಬೇಗ ಬಾ. ದೀಪ ನೋಡ್ದೆ ಬಾ." ಮೇಸ್ತ್ರಿ ಕೊಟ್ಟ ಕೆಲಸದ ಆದೇಶ ಅಷ್ಟೇ.

ಇಪ್ಪತ್ತೇಳು ವರ್ಷ ಅವರ ಪಕ್ಕದಲ್ಲಿ ಕೂತು ಕಲಿತರು. ಮೇಸ್ತ್ರಿ ಮಾತಿಗೆ ಬಲು ಜಿಪುಣ. ಹೀಗೆ ಮಾಡು ಎನ್ನುವರೇ ಹೊರತು ಹೀಗೇಕೆ ಎಂದು ಬಿಡಿಸಿ ಹೇಳಿದವರಲ್ಲ. ಅವರ ಒಂದು ಅಭ್ಯಾಸ ಮಾತ್ರ ಬಣ್ಣದಕ್ಕನಿಗೆ ಒಗಟಾಗಿಯೇ ಉಳಿದಿತ್ತು. ಹುಂಜಗಳನ್ನು ಆರಿಸುವಾಗ ಕತ್ತಿನಲ್ಲಿ ಎರಡು ಮೂರು ಕೆಂಪು ಗರಿ ಇರುವ, ಯಾರ ಕಣ್ಣಿಗೂ ಕಳಂಕ ಎಂದೇ ಕಾಣುವ ಹುಂಜ ಬಂದರೆ, ಮೇಸ್ತ್ರಿ ಅದರ ಕತ್ತು ಸವರಿ, "ಅವನಿರಲಿ ಬಿಡು" ಎಂದು ಹಿಂದಿನ ಗೂಡಿಗೆ ಹಾಕುತ್ತಿದ್ದರು.

"ವಯಸ್ಸಾಯ್ತಲ್ಲ, ಮನಸ್ಸು ಮೆತ್ತಗಾಗಿದೆ ಅಂದ್ಕೊಂಡೆ" ಎನ್ನುತ್ತಾರೆ. "ಯಾಕೆ ಅಂತ ಒಂದ್ಸಲ ಕೇಳಬಹುದಿತ್ತು. ಕೇಳ್ಲಿಲ್ಲ."

ಹನ್ನೆರಡು ವರ್ಷದ ಹಿಂದೆ ಮೇಸ್ತ್ರಿ ನಿವೃತ್ತರಾದರು. ಅದೇ ವರ್ಷ ಕಚೇರಿಯಿಂದ ಅಚ್ಚಾದ ಒಂದು ಹಾಳೆ ಬಂತು. ಕಾಡಿಗೆ ಕೋಳಿಯ ಲಕ್ಷಣಗಳ ಪಟ್ಟಿ. ಅದರ ನಾಲ್ಕನೆಯ ಸಾಲು: ಮೈಯ ಯಾವ ಭಾಗದಲ್ಲೂ ಅನ್ಯ ಬಣ್ಣದ ಗರಿ ಇರತಕ್ಕದ್ದಲ್ಲ. ಬಣ್ಣದಕ್ಕನಿಗೆ ಅದು ಸರಿ ಎಂದೇ ಕಂಡಿತು. ಕರಿ ಕೋಳಿ ಎಂದ ಮೇಲೆ ಕೆಂಪು ಏಕೆ? ಆ ವರ್ಷದಿಂದ ಕೆಂಪು ಕತ್ತಿನ ಹುಂಜಗಳೆಲ್ಲ ತಕ್ಕಡಿಗೆ ಹೋದವು.

ಮೊದಲ ಎರಡು ಮೂರು ವರ್ಷ ಹಿಂಡು ಕಣ್ಣು ಕುಕ್ಕುವ ಹಾಗಿತ್ತು. ಫೋಟೊ ತೆಗೆದವರೆಷ್ಟೋ. ಕೇಂದ್ರಕ್ಕೆ ಒಂದು ಫಲಕವೂ ಬಂತು. ಅದು ಈಗಲೂ ಕಚೇರಿಯ ಗೋಡೆಯಲ್ಲಿದೆ. ನಾಲ್ಕನೆಯ ವರ್ಷದಿಂದ ಹೇಟೆಗಳ ಮೇಲಿನ ಹಸಿರು ಮೆಲ್ಲಗೆ ಜಾರತೊಡಗಿತು. ಎಷ್ಟು ಮೆಲ್ಲಗೆ ಎಂದರೆ, ದಿನವೂ ನೋಡುವ ಕಣ್ಣಿಗೆ ತಿಳಿಯದಷ್ಟು. ಎಂಟನೆಯ ವರ್ಷಕ್ಕೆ ಅರ್ಧಕ್ಕರ್ಧ ಹೇಟೆಗಳು ಮಸಿ. ಮೇವು ಬದಲಾಯಿಸಿ ನೋಡಿದರು. ನೀರು ಪರೀಕ್ಷೆ ಮಾಡಿಸಿದರು. ಏನೂ ಹತ್ತಲಿಲ್ಲ.

ಕಾರಣ ಸಿಕ್ಕಿದ್ದು ಮನೆಯಲ್ಲಿ. ಪ್ರತಿ ವರ್ಷ ಬಳೆ ತೊಟ್ಟ ಹೇಟೆಗಳಿಂದ ಬೆನ್ನಿನ ಒಂದೊಂದು ಗರಿ ತಂದು, ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಅಂಟಿಸಿಡುವುದು ಬಣ್ಣದಕ್ಕನ ರೂಢಿ. ಒಂದು ವರ್ಷಕ್ಕೆ ಒಂದು ಹಾಳೆ. ಬೆಳಕು ತಾಗದಂತೆ ಟ್ರಂಕಿನ ತಳದಲ್ಲಿ ಇಟ್ಟಿರುತ್ತಾರೆ. ನಾಲ್ಕು ವರ್ಷದ ಹಿಂದೆ ಮನೆಗೆ ಸುಣ್ಣ ಬಳಿಸುವಾಗ ಟ್ರಂಕು ಈಚೆಗೆ ಬಂತು. ಹಾಳೆಗಳಿಗೆ ಹುಳ ಹಿಡಿದಿದೆಯೇನೋ ಎಂದು ಅವನ್ನು ನಡುಮನೆಯ ನೆಲದ ಮೇಲೆ ಸಾಲಾಗಿ ಹರಡಿದರು. ಸುಣ್ಣದ ಡಬ್ಬ ಹಿಡಿದು ದಾಟಲು ಬಂದ ಗಂಡ ನಿಂತರು.

"ಏನೇ ಇದು, ಅಲ್ಲೀವರೆಗೆ ಮಿಂಚುತ್ತೆ, ಇಲ್ಲಿಂದ ಈಚೆಗೆ ಆರಿಹೋಗಿದೆ?"

ಬಣ್ಣವೇ ತಿಳಿಯದ ಮನುಷ್ಯನಿಗೆ ಹೊಳಪು ಎಲ್ಲಿ ಆರಿತು ಎಂದು ಒಂದೇ ನೋಟಕ್ಕೆ ಕಂಡಿತ್ತು. ಬಣ್ಣದಕ್ಕ ಆ ಜಾಗದ ಹಾಳೆ ಎತ್ತಿ ವರ್ಷ ನೋಡಿದರು. ಹಿಂದಕ್ಕೆ ಎಣಿಸಿದರು. ಮೇಸ್ತ್ರಿಯ ಕೆಂಪು ಕತ್ತಿನ ಕೊನೆಯ ಹುಂಜದ ಹೆಣ್ಣು ಮಕ್ಕಳು ಮೊಟ್ಟೆ ನಿಲ್ಲಿಸಿದ ವರ್ಷ ಅದು.

"ಹೇಟೆಗೆ ಹಸಿರು ಕೊಡೋನು ಅವನೇ. ಅವನ ಕತ್ತಲ್ಲಿ ಚೂರು ಕೆಂಪು ಇದ್ರೇನೇ ಹೆಣ್ಣುಮಕ್ಕಳ ಬೆನ್ನ ಮೇಲೆ ಹಸಿರು ಏಳೋದು" ಎನ್ನುತ್ತಾರೆ. "ನೋಡಕ್ಕೆ ಅವನು ಕೆಟ್ಟೋನು. ಅವನ ಮಕ್ಕಳು ನೋಡ್ಬೇಕು. ಎಂಟು ವರ್ಷ ನಾನು ಅವನನ್ನ ನೋಡ್ದೆ, ಮಕ್ಕಳನ್ನ ನೋಡ್ಲಿಲ್ಲ. ನೂರ ಅರವತ್ತನಾಲ್ಕು ಹುಂಜ. ಎಲ್ಲಾ ಈ ಕೈಯಲ್ಲೇ ಹೋದವು."

ಅಂಗೈ ಮಗುಚಿ ನೋಡಿಕೊಳ್ಳುತ್ತಾರೆ. ಮೊಣಕೈವರೆಗೂ ಉಗುರಿನ ಗೀರುಗಳು, ಹಳೆಯದರ ಮೇಲೆ ಹೊಸದು. ಶೆಡ್ಡಿನ ದೂಳಿಗೆ ಹತ್ತಿದ ಒಣಕೆಮ್ಮು ಮಾತಿನ ನಡುವೆ ಬಂದು ಹೋಗುತ್ತದೆ.

ಆಗ ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಗಿತ್ತು. ಆದರೂ ಅವರ ಮನೆಗೆ ಹೋದರು. ಮೇಸ್ತ್ರಿಯ ಹೆಂಡತಿ ಬಾಗಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಅವರಿಗೆ ಹೇಳಕ್ಕೆ ಬರ್ತಿರ್ಲಿಲ್ಲ, ನಿಂಗೆ ಕೇಳಕ್ಕೆ ಬರ್ಲಿಲ್ಲ. ಈಗ ಅತ್ರೆ ಏನ್ ಬಂತು ಮಗಳೇ. ಎಲ್ಲಾದ್ರೂ ಒಂದು ಉಳ್ದಿದೆಯಾ ನೋಡ್ಕೋ ಹೋಗು."

ಉಳಿದಿತ್ತು. ಹಾಳೆ ಬಂದ ಮೊದಲ ವರ್ಷ, ಮೇಸ್ತ್ರಿಯ ಮುದ್ದಿನ ಒಂದು ಕೆಂಪು ಕತ್ತಿನ ಹುಂಜವನ್ನು ತಕ್ಕಡಿಗೆ ಹಾಕಲು ಬಣ್ಣದಕ್ಕನ ಕೈ ಬಂದಿರಲಿಲ್ಲ. ಅದನ್ನೂ ಬೇಡವಾದ ಮೂರು ಮಸಿ ಹೇಟೆಗಳನ್ನೂ ಮೇಲಿನವರಿಗೆ ಹೇಳಿ ತಂಗಿಗೆ ಕೊಟ್ಟಿದ್ದರು. ತಂಗಿಯ ಗಂಡನದು ಕಾಲುವೆಯ ತೂಬು ಕಾಯುವ ಕೆಲಸ. ತೂಬಿನ ಪಕ್ಕದಲ್ಲೇ ಮನೆ. ಸುತ್ತ ಎರಡು ಮೈಲಿಗೆ ಬೇರೆ ಮನೆಯಿಲ್ಲ, ಬೇರೆ ಕೋಳಿಯಿಲ್ಲ. ಅಲ್ಲಿ ಅವು ಯಾರ ಹಂಗೂ ಇಲ್ಲದೆ, ಯಾರ ಬೆರಕೆಯೂ ಇಲ್ಲದೆ ಬೆಳೆದುಕೊಂಡಿದ್ದವು.

ಬಣ್ಣದಕ್ಕ ಹೋದಾಗ ಅಂಗಳದಲ್ಲಿ ಹತ್ತೊಂಬತ್ತು ಕೋಳಿ. ತಂಗಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರಂತೆ. "ಏನಕ್ಕ, ನೀನು ಬೇಡ ಅಂತ ಬಿಸಾಕಿದ್ದನ್ನೆಲ್ಲ ಹುಡುಕ್ಕೊಂಡು ಬಂದೆ? ಕೊಡ್ತೀನಿ ತಡಿ. ಮೊದ್ಲು ಒಪ್ಕೋ, ಈ ಮನೇಲಿ ಕಣ್ಣಿರೋದು ನಂಗೆ ಅಂತ."

"ಒಪ್ಕೊಂಡೆ ಕಣೆ. ಹಿಡ್ಕೊಡು."

"ನೀನೇ ಹಿಡ್ಕೋ. ಕೋಳಿ ಡಾಕ್ಟ್ರಲ್ವಾ ನೀನು."

ಅಕ್ಕ ತಂಗಿಯರಿಬ್ಬರೂ ಕಾಲುವೆಯ ಏರಿಯ ಮೇಲೆ ಮಧ್ಯಾಹ್ನದವರೆಗೆ ಓಡಿ ಎರಡು ಹುಂಜ ಹಿಡಿದರು. ಎರಡರ ಕತ್ತಿನಲ್ಲೂ ಕೆಂಪಿತ್ತು.

ಆಗಷ್ಟೇ ಕೇಂದ್ರಕ್ಕೆ ಬಂದಿದ್ದ ಪಶುವೈದ್ಯೆ, ಎಲ್ಲರ ಬಾಯಲ್ಲಿ ಡಾಕ್ಟರಮ್ಮ, ಈ ಕತೆ ಕೇಳಿ ಮೊದಲು ನಂಬಲಿಲ್ಲ. "ಹಾಳೆ ಪ್ರಕಾರ ಅವು ಒಳಗೇ ಬರೋ ಹಾಗಿಲ್ಲ. ನಾನು ಗರಿ ಅಂಟಿಸಿದ ಕ್ಯಾಲೆಂಡರ್ ನೋಡಿ ರುಜು ಹಾಕ್ಬೇಕಾ ಅಂತ ಕೇಳ್ದೆ" ಎಂದು ಈಗ ನೆನೆಯುತ್ತಾರೆ. "ಆಮೇಲೆ ಒಂದಿನ ಬೆಳಿಗ್ಗೆ ಇವರ ಪಕ್ಕ ಕೂತು ನೋಡ್ದೆ. ಇವರು ತಕ್ಕಡಿ ಅಂದ ಕೋಳಿ ನನಗೆ ಬಳೆ ಅನ್ನಿಸ್ತು. ಹತ್ತಕ್ಕೆ ಆರು ತಪ್ಪು ನಂದು." ಪ್ರಯೋಗ ಎಂದು ಬರೆದು, ಸಂದರ್ಶಕರ ಕಣ್ಣಿಗೆ ಬೀಳದ ಹಿಂದಿನ ಗೂಡನ್ನು ಆ ಎರಡು ಹುಂಜಗಳಿಗೆ ಬಿಟ್ಟುಕೊಟ್ಟರು. ಮೊದಲ ಮರಿಗಳಲ್ಲಿ ಹೇಟೆಗಳೇ ಕಡಿಮೆ. ಹೋದ ವರ್ಷದ ಇಪ್ಪತ್ತಾರರಲ್ಲಿ ಹಿಂದಿನ ಗೂಡಿನವು ಐದೋ ಆರೋ. ಈ ವರ್ಷದ ನೂರ ಹದಿನೆಂಟರಲ್ಲಿ ಅರವತ್ತು ಅವುಗಳ ಸಂತಾನ.

ಅಂದರೆ ಬಣ್ಣದಕ್ಕ ಈ ವಾರ ಸ್ಟೂಲಿನ ಮೇಲೆ ಕೂತು ಅಳೆಯುತ್ತಿರುವುದು ಕೋಳಿಯನ್ನಷ್ಟೇ ಅಲ್ಲ, ಕೆಂಪು ಕತ್ತಿನ ಬಗೆಗಿನ ತಮ್ಮ ಮಾತನ್ನೂ. ಯಾವುದು ಯಾವ ಗೂಡಿನದು ಎಂದು ಕಾವಲುಗಾರರು ಹೇಳಕೂಡದು, ಇವರು ಕೇಳಕೂಡದು ಎಂದು ಅವರೇ ಕಟ್ಟು ಮಾಡಿಕೊಂಡಿದ್ದಾರೆ.

ಮಂಜು ಕರಗುತ್ತದೆ. ಇಪ್ಪತ್ತು ಕೋಳಿ ಆಗುವ ಹೊತ್ತಿಗೆ ಎಂಟು ಬಳೆ. ಪಕ್ಕಕ್ಕೆ ಬಂದು ನಿಂತ ಡಾಕ್ಟರಮ್ಮ ಪೆನ್ನು ಹಿಡಿದು ಒಂದೊಂದೇ ಬಳೆ ಗುರುತು ಹಾಕಿಕೊಳ್ಳುತ್ತಿದ್ದಾರೆ. ಬಣ್ಣದಕ್ಕನ ಕೈ ದಿನದ ಅಭ್ಯಾಸಕ್ಕಿಂತ ತುಸು ಚುರುಕಾಗಿದೆ. ತಕ್ಕಡಿ. ಬಳೆ. ಬಳೆ. ತಕ್ಕಡಿ. ತಕ್ಕಡಿ. ಕೊನೆಯ ಮೂರಕ್ಕೂ ಒಂದರ ಹಿಂದೊಂದು ಬಳೆ, ಬಳೆ, ಬಳೆ. ಒಟ್ಟು ನಲವತ್ತೆರಡು.

ಕಾವಲುಗಾರರು ಟವೆಲು ಕೊಡವಿ ಹೆಗಲಿಗೆ ಹಾಕುತ್ತಾರೆ. ಡಾಕ್ಟರಮ್ಮ ಕಣ್ಣೊರೆಸಿಕೊಂಡು ನಗುತ್ತಾರೆ. ಬಣ್ಣದಕ್ಕ ಮಾತ್ರ ಎದುರಿನ ಗೋಡೆ ನೋಡುತ್ತಾ ಕೂತಿದ್ದಾರೆ. ಗೋಡೆಯ ತಲೆಯ ಮೇಲೆ ಎರಡು ಬೆರಳಗಲ ಬಿಸಿಲು. ಅದು ಯಾವಾಗ ಬಂತು ಎಂದು ಯಾರೂ ನೋಡಿಲ್ಲ.

ಮಧ್ಯಾಹ್ನ ಕಚೇರಿಯಲ್ಲಿ ವರದಿ ಟೈಪಾಗಿದೆ. ರುಜು ಮಾತ್ರ ಬಾಕಿ. ಬಣ್ಣದಕ್ಕ ಬಾಗಿಲಲ್ಲಿ ನಿಂತು ಹೇಳುತ್ತಾರೆ, "ಡಾಕ್ಟರಮ್ಮ, ಇವತ್ತು ಕಳಿಸ್ಬೇಡಿ. ಕೊನೇ ಮೂರು ನಾಳೆ ಇನ್ನೊಂದ್ಸಲ ನೋಡ್ಬೇಕು."

"ಯಾಕೆ ಬಣ್ಣದಕ್ಕ? ನೋಡಿ ಆಯ್ತಲ್ಲ."

"ಗೋಡೆಗೆ ಬಿಸಿಲು ಬಂದಿತ್ತು."

ಡಾಕ್ಟರಮ್ಮ ಪೆನ್ನು ಕೆಳಗಿಡುತ್ತಾರೆ. ಲೆಕ್ಕ ಇಬ್ಬರಿಗೂ ಗೊತ್ತು. ನಲವತ್ತೆರಡರಲ್ಲಿ ಮೂರು ಹೋದರೆ ಮೂವತ್ತೊಂಬತ್ತು. "ಯಾರೂ ನೋಡಿಲ್ಲ" ಎನ್ನುತ್ತಾರೆ ಸಣ್ಣ ದನಿಯಲ್ಲಿ. "ಮೂರು ಕೋಳಿ ವಿಷಯ. ಶೆಡ್ಡು ಉಳಿದ್ರೆ ಮುಂದಿನ ವರ್ಷ ಸರಿ ಮಾಡ್ಕೊಳ್ಳೋಣ, ಸುಮ್ನಿರಿ."

"ಒಂದ್ಸಲ ಸುಮ್ನಿದ್ದೀನಿ ಡಾಕ್ಟರಮ್ಮ, ಮೇಸ್ತ್ರಿ ಹತ್ರ" ಎಂದು ಬಣ್ಣದಕ್ಕ ತೊಟ್ಟಿ ತಿಕ್ಕಲು ಹೋಗುತ್ತಾರೆ.

ಐದನೆಯ ಬೆಳಿಗ್ಗೆ ಆಕಾಶ ತಿಳಿಯಾಗಿದೆ. ಐದೂ ಮುಕ್ಕಾಲಿಗೆ ಸ್ಟೂಲು ಹಾಕಿ ಆಗಿದೆ. ಇಂದು ಜೊತೆಗೆ ಕಾಗದ ಸುತ್ತಿದ ಒಂದು ಕ್ಯಾಲೆಂಡರ್ ಹಾಳೆಯೂ ಬಂದಿದೆ. ಕಾವಲುಗಾರರು ಮೂರು ಹೇಟೆಗಳನ್ನು ಒಂದೊಂದಾಗಿ ತರುತ್ತಾರೆ. ಇಂದು ಕಾಗೆಯ ಮಾತಿಲ್ಲ.

ಮೊದಲನೆಯದು. ಕಣ್ಣು ಮುಚ್ಚಿ, ತೂಕ, ಮೂಳೆ, ಉಸಿರು. ಕಣ್ಣು ಬಿಟ್ಟು ಏಳು ಜಾಗ. ರೆಕ್ಕೆಯ ಹೆಗಲಿನಲ್ಲಿ ನೇರಳೆಯ ಗೆರೆ. "ತಕ್ಕಡಿ." ನಿನ್ನೆ ಹಾಕಿದ ಬಳೆಯನ್ನು ಕಾವಲುಗಾರರು ಕತ್ತರಿಸಿ ತೆಗೆಯುತ್ತಾರೆ. ಎರಡನೆಯದು. ಊದಿದರೆ ಬುಡ ಸರಿಯಿದೆ, ಮೇಲೆ ಹಸಿರಿಲ್ಲ, ಬರೀ ಮಸಿ. "ತಕ್ಕಡಿ."

ಈಗ ನಲವತ್ತು. ಮೂರನೆಯದೂ ಸೇರಿ.

ಮೂರನೆಯದನ್ನು ಮಡಿಲಿಗೆ ತೆಗೆದುಕೊಂಡು ಬಣ್ಣದಕ್ಕ ಕಣ್ಣು ಮುಚ್ಚುತ್ತಾರೆ. ಈ ಸಲ ಬೇಗ ಬಿಡುವುದಿಲ್ಲ. ಬಿಟ್ಟ ಮೇಲೆ ಏಳು ಜಾಗವನ್ನೂ ನೋಡಿ, ಮತ್ತೆ ಮೊದಲಿನಿಂದ ನೋಡುತ್ತಾರೆ. ಊದುತ್ತಾರೆ. ತಲೆಯೆತ್ತಿ ಯಾರನ್ನೂ ನೋಡದೆ, "ಹಸಿರು ಕಾಣ್ತಿದೆ. ಇರೋದಕ್ಕೆ ಕಾಣ್ತಿದೆಯೋ, ನನಗೆ ಬೇಕಾಗಿರೋದಕ್ಕೆ ಕಾಣ್ತಿದೆಯೋ ಗೊತ್ತಾಗ್ತಿಲ್ಲ" ಎನ್ನುತ್ತಾರೆ.

ಕಾಗದ ಬಿಚ್ಚುತ್ತಾರೆ. ಅದು ಮೇಸ್ತ್ರಿ ಸ್ಟೂಲಿನ ಮೇಲೆ ಕೂತ ಕೊನೆಯ ವರ್ಷದ ಹಾಳೆ. ಕತ್ತಲೆಯಲ್ಲೇ ಹದಿಮೂರು ವರ್ಷ ಕಳೆದ ಗರಿಗಳು. ಅದರಿಂದ ಒಂದನ್ನು ಉಗುರಿನಿಂದ ಬಿಡಿಸಿ ಹೇಟೆಯ ಬೆನ್ನ ಮೇಲೆ ಮಲಗಿಸುತ್ತಾರೆ. ಬಗ್ಗಿ ನೋಡಿದ ಡಾಕ್ಟರಮ್ಮನಿಗೆ ಹಳೆಯ ಗರಿ ಯಾವುದು, ಹೇಟೆಯ ಗರಿ ಯಾವುದು ಎಂದು ಹುಡುಕಬೇಕಾಗುತ್ತದೆ. ಕಾವಲುಗಾರರೂ ಬಗ್ಗುತ್ತಾರೆ. ಹೇಟೆ ಕತ್ತು ಕೊಂಕಿಸಿ ಎಲ್ಲರನ್ನೂ ಒಂದು ಕಣ್ಣಿನಿಂದ ನೋಡುತ್ತದೆ.

"ಬಳೆ" ಎನ್ನುತ್ತಾರೆ ಬಣ್ಣದಕ್ಕ.

ಡಾಕ್ಟರಮ್ಮ ಅಲ್ಲೇ, ಟ್ಯಾಂಕಿನ ಕಟ್ಟೆಯ ಮೇಲೆ ಹಾಳೆಯಿಟ್ಟು ನಲವತ್ತೆರಡನ್ನು ಹೊಡೆದು ನಲವತ್ತು ಎಂದು ತಿದ್ದಿ ರುಜು ಹಾಕುತ್ತಾರೆ. ಇನ್ನೇನಾದರೂ ಬರೆಯಬೇಕೇ ಎಂದು ಕೇಳುತ್ತಾರೆ. ಬಣ್ಣದಕ್ಕ ಗರಿಯನ್ನು ಮತ್ತೆ ಹಾಳೆಗೆ ಅಂಟಿಸುತ್ತಾ ಹೇಳುತ್ತಾರೆ.

"ಆ ಅಚ್ಚಿನ ಹಾಳೇಲಿ ನಾಲ್ಕನೇ ಸಾಲಿದೆಯಲ್ಲ, ಅದರ ಕೆಳಗೆ ಒಂದು ಸಾಲು ಸೇರ್ಸಕ್ಕಾಗುತ್ತಾ ಕೇಳಿ. ನಾನು ಹೋದ್ಮೇಲೆ ಈ ಸ್ಟೂಲಿಗೆ ಯಾರು ಬರ್ತಾರೋ, ಅವರು ಕೇಳೋರೋ ಕೇಳ್ದೇ ಇರೋರೋ. ಕತ್ತಲ್ಲಿ ಎರಡು ಮೂರು ಕೆಂಪು ಗರಿ ಇರೋ ಹುಂಜ ಬಂದ್ರೆ ಅವನಿರಲಿ ಬಿಡಿ ಅಂತ. ಯಾಕೆ ಅನ್ನೋದನ್ನೂ ಬರೀರಿ."

ಎದುರಿನ ಗೋಡೆಯ ತಲೆಗೆ ಈಗ ಬಿಸಿಲು ಮುಟ್ಟುತ್ತದೆ. ಬಣ್ಣದಕ್ಕ ಎದ್ದು, ಬೂದು ನಿಲುವಂಗಿಯ ಮೇಲಿನ ನಯಪುಕ್ಕ ಕೊಡವಿ, ಸ್ಟೂಲನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾರೆ. ಬಲಗಡೆಯ ಬುಟ್ಟಿಯೊಳಗೆ ಒಮ್ಮೆ ಇಣುಕುತ್ತಾರೆ.

"ನಲವತ್ತು" ಎನ್ನುತ್ತಾರೆ. "ಅದ್ರಲ್ಲಿ ಒಂದೂ ಬಿಸಿಲಿಂದಲ್ಲ."